ಸಹಾಯ ಬೇಕು: ಹಮ್ಮಿಂಗ್‌ಬರ್ಡ್ ಫೀಡರ್‌ಗೆ ಕಣಜಗಳ ಕಾಟ

ಟೆಕ್ಸಾಸ್‌ನ ಆಸ್ಟಿನ್ ಕಡೆ ಇರುವವರು ದಯವಿಟ್ಟು ನೋಡಿ. ಹಿತ್ತಲಲ್ಲಿರುವುದು ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಗೆ ಸಕ್ಕರೆ ಪಾಕ ಇಡುವ, ಬಾಟಲಿ ಥರದ ಫೀಡರ್. 1 ಲೋಟ ಬಿಳಿ ಸಕ್ಕರೆಗೆ 4 ಲೋಟ ನೀರು. ಬಣ್ಣ, ಬೆಲ್ಲ, ಜೇನು ಯಾವುದೂ ಇಲ್ಲ. ಈ ಸೆಖೆಗೆ ಬೇಗ ಹುಳಿ ಬರುತ್ತದೆಂದು ಎರಡು ದಿನಕ್ಕೊಮ್ಮೆ ಚೆಲ್ಲಿ, ಬಿಸಿನೀರಲ್ಲಿ ತೊಳೆದೇ ತುಂಬಿಸುವುದು. ಇರುವೆ ಇಳಿದು ಬಾರದಂತೆ ಮೇಲೆ ನೀರಿನ ಬಟ್ಟಲು ಕಟ್ಟಿದ್ದಾಗಿದೆ.

ಕಷ್ಟ ಕಣಜದ್ದು. ಬಿಸಿಲೇರಿದಂತೆ ಒಳಗಿನ ಗಾಳಿ ಹಿಗ್ಗಿ ತೂತುಗಳಿಂದ ಪಾಕ ತೊಟ್ಟಿಕ್ಕುತ್ತದೆ, ಕಣಜ ಮುತ್ತುತ್ತವೆ. ಪಾಪ, ಹಕ್ಕಿ ಬಂದು ಗಾಳಿಯಲ್ಲೇ ನಿಂತು, ಕೊಕ್ಕು ಇಡದೆ ಹೋಗುತ್ತದೆ. ತಟ್ಟೆಯಾಕಾರದ ಫೀಡರ್‌ನಲ್ಲಿ ಪಾಕ ತೂತಿಗಿಂತ ಕೆಳಗಿರುತ್ತದೆ. ಹಕ್ಕಿಯ ಉದ್ದ ನಾಲಿಗೆಗೆ ಸಿಗುತ್ತದೆ, ಕಣಜಕ್ಕೆ ಎಟುಕದು. ಬಳಸುತ್ತಿರುವವರು ಎಷ್ಟು ಎತ್ತರಕ್ಕೆ ತುಂಬಿಸುತ್ತೀರಿ? ಚಿಟ್ಟೆಗೆಂದು ಕಳಿತ ಬಾಳೆಹಣ್ಣು ಇಡುವ ತಟ್ಟೆಯು ಫೀಡರ್‌ನಿಂದ ಎಷ್ಟು ದೂರ ಇರಬೇಕು?