ಉಬುಂಟು ಹಾಕ್ದೆ, ಈಗ ವಿಂಡೋಸ್ ಕಾಣ್ತಾನೇ ಇಲ್ಲ!!

ಕಾಫಿಪುಡಿ:
ಸ್ವಲ್ಪ ಅರ್ಜೆಂಟ್ ಫ್ರೆಂಡ್ಸ್. ವಿಂಡೋಸ್ 11 ಇದ್ದ ಲ್ಯಾಪ್‌ಟಾಪ್‌ಗೆ ನಿನ್ನೆ ರಾತ್ರಿ ಉಬುಂಟು 24.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಅಂದ್ರೆ ಓಎಸ್) ಹಾಕ್ದೆ, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಲ್ಲೇ 100 ಜಿಬಿ ಶ್ರಿಂಕ್ ಮಾಡಿ ಆ ಖಾಲಿ ಜಾಗಕ್ಕೆ ಇನ್‌ಸ್ಟಾಲ್ ಮಾಡಿದ್ದು. ಉಬುಂಟು ಸೂಪರಾಗಿ ಓಡ್ತಿದೆ, ಆದ್ರೆ ಆನ್ ಮಾಡಿದ್ರೆ ಸೀದಾ ಅದಕ್ಕೇ ಹೋಗತ್ತೆ, ಯಾವ್ದು ಬೇಕು ಅಂತ ಕೇಳೋದೇ ಇಲ್ಲ. ಅಪ್ಪನ ನುಡಿ ಫೈಲ್, ಅಂಗಡಿ ಲೆಕ್ಕದ ಟ್ಯಾಲಿ ಎಲ್ಲಾ ವಿಂಡೋಸಲ್ಲಿದೆ, ಬೆಳಗ್ಗೆ ಕೇಳಿದ್ರು, ಚಾರ್ಜರ್ ಕೆಟ್ಟಿದೆ ಅಂತ ಸುಳ್ಳು ಬಿಟ್ಟಿದೀನಿ. ಎಲ್ಲಾ ಹೋಯ್ತಾ?

ಪೆಂಗ್ವಿನ್_ಮಾವ:
ಎಲ್ಲೂ ಹೋಗಿರಲ್ಲ ಗುರು, ಗಾಬರೀಲಿ ಏನೂ ಫಾರ್ಮ್ಯಾಟ್ ಮಾಡ್ಬೇಡ ಅಷ್ಟೇ. ಆನ್ ಮಾಡಿದ ತಕ್ಷಣ ಎಫ್12 ಒತ್ತು (ಕೆಲವು ಲ್ಯಾಪ್‌ಟಾಪಲ್ಲಿ ಎಫ್9, ಇಲ್ಲಾ ಎಸ್ಕೇಪ್), ಅಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅಂತ ಇರತ್ತೆ. ಯುಇಎಫ್ಐ ಮೆಷಿನಲ್ಲಿ (ಈಗಿನ ಲ್ಯಾಪ್‌ಟಾಪೆಲ್ಲಾ ಹಂಗೇ) ಎರಡೂ ಓಎಸ್ ಶುರು ಮಾಡೋ ಬೂಟ್ ಫೈಲೂ ಒಂದೇ ಇಎಫ್ಐ ಪಾರ್ಟಿಶನ್ನಲ್ಲಿ ಬೇರೆ ಬೇರೆ ಫೋಲ್ಡರಲ್ಲಿ ಕೂತಿರತ್ತೆ. ಎಂಬಿಆರ್ ಅನ್ನೋ ಹಳೇ ಬೂಟ್ ಪದ್ಧತಿ ಕಾಲದಲ್ಲಿ ವಿಂಡೋಸ್ ಮತ್ತೆ ಹಾಕಿದ್ರೆ ಗ್ರಬ್ (ಯಾವ ಓಎಸ್ ಬೇಕು ಅಂತ ಕೇಳೋ ಉಬುಂಟುವಿನ ಬೂಟ್ ಮೆನು) ಗುಡಿಸ್ಕೊಂಡು ಹೋಗ್ತಿತ್ತು ನಿಜ, ಈಗ ಹಂಗಿಲ್ಲ.
ಮೆನು ಬರದೇ ಇರೋಕೆ ಕಾರಣ, ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕೋ ಓಎಸ್-ಪ್ರೋಬರ್ ಡೀಫಾಲ್ಟಾಗಿ ಆಫ್. ಇಟಿಸಿ ಒಳಗೆ ಡೀಫಾಲ್ಟ್ ಫೋಲ್ಡರಲ್ಲಿ ಗ್ರಬ್ ಅಂತ ಫೈಲ್ ಇದೆ, ಸುಡೋ (ಅಡ್ಮಿನ್ ಅನುಮತಿ) ಹಾಕಿ ಓಪನ್ ಮಾಡು, ಡಿಸೇಬಲ್ ಓಎಸ್ ಪ್ರೋಬರ್ ಸಾಲಿಗೆ ಫಾಲ್ಸ್ ಕೊಡು, ಸಾಲಿನ ಮುಂದೆ ಹ್ಯಾಶ್ ಇದ್ರೆ ಅಳಿಸು, ಟೈಮ್‌ಔಟ್ 0 ಇದ್ರೆ 10 ಮಾಡು, ಹಿಡನ್ ಅಂತಿದ್ರೆ ಮೆನು ಅಂತ ಬರಿ. ಆಮೇಲೆ ಟರ್ಮಿನಲಲ್ಲಿ ಸುಡೋ ಅಪ್‌ಡೇಟ್-ಗ್ರಬ್ ಅಂತ ಕೊಡು.

ಮಲ್ನಾಡ್_ಮಳೆ:
ಮಾವ ಹೇಳಿದ್ದು ಸರಿ, ಆದ್ರೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ಆನ್ ಇದ್ಯಾ ನೋಡ್ಕೋ ಮೊದ್ಲು. ಆನ್ ಇದ್ರೆ ಗ್ರಬ್ ಮೂಲಕ ವಿಂಡೋಸಿಗೆ ಹೋದಾಗ ಒಮ್ಮೊಮ್ಮೆ ರಿಕವರಿ ಕೀ ಕೇಳತ್ತೆ, ನಾನಂತೂ ಎಫ್12ನೇ ಬಳಸೋದು. ಯಾರೋ ಹೇಳಿದ್ರು ಅಂತ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಓಎಸ್ ಬೂಟ್ ಆಗದಂಗೆ ತಡೆಯೋ ಸೆಟ್ಟಿಂಗ್) ಆಫ್ ಮಾಡಿ ನೀಲಿ ಸ್ಕ್ರೀನ್ ಮುಂದೆ ರಾತ್ರಿ ಎರಡರವರೆಗೂ ಕೂತಿದ್ದೆ, ರಿಕವರಿ ಕೀ 48 ಅಂಕಿ, ಅದೂ ಯಾವ್ದೋ ಮರ್ತುಹೋದ ಮೈಕ್ರೋಸಾಫ್ಟ್ ಅಕೌಂಟಲ್ಲಿ. ಉಬುಂಟು ಸೆಕ್ಯೂರ್ ಬೂಟ್ ಆನ್ ಇದ್ರೂ ಬೂಟ್ ಆಗತ್ತೆ, ಅದನ್ನ ಮುಟ್ಲೇಬೇಡ.

ಕಾಫಿಪುಡಿ:
ಎಫ್12ರಲ್ಲಿ ಸಿಕ್ತು!! ಬಿಟ್‌ಲಾಕರ್ ಆಫ್ ಇತ್ತು, ಗ್ರಬ್ ಮೆನುನೂ ಬಂತು. ಥ್ಯಾಂಕ್ಸ್ ಮಾವ. ಹೊಸ ತಲೆನೋವು ಏನಪ್ಪಾ ಅಂದ್ರೆ ವಿಂಡೋಸಲ್ಲಿ ಟೈಮ್ ತಪ್ಪು, ಹತ್ತು ಗಂಟೆಗೆ ಮಾಡಿದ ಬಿಲ್ ನೋಡಿ ಅಪ್ಪ "ಬೆಳಗಿನ ಜಾವ ನಾಲ್ಕೂವರೆಗೆ ಅಂಗಡಿ ಯಾರೋ ತೆಗೆದಿದ್ದು" ಅಂತಿದಾರೆ.

ಪೆಂಗ್ವಿನ್_ಮಾವ:
ಹಹ್ಹಾ, ಸರಿಯಾಗಿ ಐದೂವರೆ ಗಂಟೆ ಹಿಂದೆ. ಉಬುಂಟು ಮದರ್‌ಬೋರ್ಡ್ ಗಡಿಯಾರಕ್ಕೆ ಯುಟಿಸಿ (ನಮ್ಮ ಟೈಮಿಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯ) ಬರೆಯತ್ತೆ, ವಿಂಡೋಸ್ ಅದನ್ನೇ ಲೋಕಲ್ ಟೈಮ್ ಅನ್ಕೊಳತ್ತೆ. ಉಬುಂಟು ಟರ್ಮಿನಲಲ್ಲಿ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಕೊಡು. ಹಂಗೇ ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡು, ಇಲ್ಲಾಂದ್ರೆ ಶಟ್‌ಡೌನ್ ಪೂರ್ತಿ ಆಗಲ್ಲ, ಉಬುಂಟುವಿಂದ ವಿಂಡೋಸ್ ಡ್ರೈವಿಗೆ ಏನೂ ಸೇವ್ ಮಾಡೋಕೆ ಬಿಡಲ್ಲ.

ಕಾಫಿಪುಡಿ:
ಟೈಮ್ ಸರಿ ಹೋಯ್ತು. ಚಾರ್ಜರ್ ಹೆಂಗ್ ರಿಪೇರಿ ಆಯ್ತು ಅಂತ ಕೇಳ್ತಿದಾರೆ ಈಗ.