ಒಡೆದು ಬಳಸುವ ಟೊಳ್ಳು ಮಣ್ಣಿನ ಬ್ಲಾಕು: ಗೀರಿದ್ದರೂ ಬಿರುಕು ದಾರಿ ತಪ್ಪುವುದೇಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕಟ್ಟಡಗಳ ನಕ್ಷೆ ತಯಾರಿಸುವವನು. ಸುಟ್ಟ ಜೇಡಿಮಣ್ಣಿನ ಟೊಳ್ಳು ಬ್ಲಾಕುಗಳ ಗೋಡೆಯೊಂದಿಗೆ ಇದೇ ಮೊದಲ ಬಾರಿ ಹತ್ತಿರದ ಒಡನಾಟ. ನಮಗೆ ಬಂದಿರುವ ಬ್ಲಾಕು ಗೋಡೆಯ ಉದ್ದಕ್ಕೆ 250 ಮಿ.ಮೀ., ದಪ್ಪಕ್ಕೆ 300 ಮಿ.ಮೀ., ಎತ್ತರ ಸುಮಾರು 250 ಮಿ.ಮೀ. ಇದೆ, ರಂಧ್ರಗಳು ಮೇಲಿನಿಂದ ಕೆಳಕ್ಕೆ ಸಾಗುತ್ತವೆ. ಪಕ್ಕದ ಸಂದಿಗೆ ಗಾರೆ ಬೇಕಿಲ್ಲ, ಒಂದರ ಏಣು ಇನ್ನೊಂದರ ಕಚ್ಚಿನೊಳಗೆ ಕೂರುತ್ತದೆ. ಎರಡು ಹೊರಮೈಗಳ ನಡುಮಧ್ಯದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೊಂದು ಗೀರು ಇದೆ. ಆ ಗೀರಿನ ಮೇಲೆ ಉಳಿಯಿಟ್ಟು ತಟ್ಟಿದರೆ ಎರಡು ಅರ್ಧ ಬ್ಲಾಕುಗಳು ಸಿಗುತ್ತವೆ, ಆದ್ದರಿಂದ ಅರ್ಧ ಬ್ಲಾಕುಗಳನ್ನು ಬೇರೆಯಾಗಿ ತರಿಸುವ ಅಗತ್ಯವಿಲ್ಲ ಎಂದು ತಯಾರಕರು ತಿಳಿಸಿದ್ದರು.

ಮೊದಲ ಲೋಡಿನಲ್ಲಿ ಅದು ನಿಜವೇ ಆಯಿತು. ಹತ್ತು ಒಡೆದರೆ ಒಂಬತ್ತು ಚೊಕ್ಕವಾಗಿ ಬಂದವು. ಎರಡನೆಯ ಲೋಡಿನಲ್ಲಿ ಬಿರುಕು ಗೀರನ್ನು ಹಿಡಿದು ಅರ್ಧದವರೆಗೆ ಇಳಿದು ಪಕ್ಕದ ರಂಧ್ರಕ್ಕೆ ಹೊರಳುತ್ತಿದೆ, ಮೂಲೆಗಳು ಚೂರಾಗಿ ಉದುರುತ್ತಿವೆ. ಒಡೆಯುವ ಕೈ ಬದಲಾಗಿಲ್ಲ, ಉಳಿಯೂ ಬದಲಾಗಿಲ್ಲ. ದೋಷ ಎಲ್ಲಿರಬಹುದು? ಒಡೆಯಲೆಂದೇ ಗೀರಿಟ್ಟ ಬ್ಲಾಕು ಗೋಡೆಯಲ್ಲಿ ಭಾರ ಹೊರುವಾಗ ಅದೇ ಗೀರಿನಲ್ಲಿ ಸೀಳುವುದಿಲ್ಲವೇ? ಇದೇ ಬ್ಲಾಕನ್ನು ಒಡೆದು ಗೋಡೆಯ ಮೂಲೆಗೆ ಬೇಕಾದ ತುಂಡನ್ನೂ ಲಿಂಟಲಿಗೆ ಬೇಕಾದ ದೋಣಿಯಾಕಾರದ ತುಂಡನ್ನೂ ಪಡೆಯಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಾನು ಮಣ್ಣಿನ ಬ್ಲಾಕುಗಳ ತಯಾರಿಕೆಯಲ್ಲಿ, ಅದರಲ್ಲೂ ಅಚ್ಚಿನ ವಿಭಾಗದಲ್ಲಿ, ಹಲವು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ವಿವರಣೆ ಓದಿದೊಡನೆ ನನಗೆ ಅನುಮಾನ ಬಂದದ್ದು ಉಳಿಯ ಮೇಲಲ್ಲ, ಅಚ್ಚಿನ ಮೇಲೆ.

ಈ ಬ್ಲಾಕುಗಳನ್ನು ಒಂದೊಂದಾಗಿ ಅಚ್ಚಿಗೆ ತುಂಬಿ ತೆಗೆಯುವುದಿಲ್ಲ. ಹದ ಮಾಡಿದ ಮಣ್ಣಿನಿಂದ ಗಾಳಿಯನ್ನು ಹೀರಿ ತೆಗೆದು, ಸುರುಳಿ ತಿರುಪಿನ ಯಂತ್ರವು ಅದನ್ನು ಉಕ್ಕಿನ ಅಚ್ಚಿನ ಬಾಯಿಯ ಮೂಲಕ ಒತ್ತುತ್ತದೆ; ಮಣ್ಣು ನಿರಂತರವಾದ ದಿಂಡಾಗಿ ಹೊರಬರುತ್ತದೆ, ತಂತಿ ಅದನ್ನು ಬೇಕಾದ ಅಳತೆಗೆ ಕತ್ತರಿಸುತ್ತದೆ. ಬಾಯಿಯೊಳಗೆ ನಿಲ್ಲಿಸಿದ ಕೋರ್‌ಗಳು ರಂಧ್ರಗಳನ್ನು ಬಿಡಿಸುತ್ತವೆ, ಬಾಯಿಯ ಅಂಚಿನಲ್ಲಿರುವ ಸಣ್ಣ ಹಲ್ಲು ಗೀರನ್ನು ಎಳೆಯುತ್ತದೆ. ಹೀಗಾಗಿ ದಿಂಡು ಸಾಗುವ ದಿಕ್ಕಿನಲ್ಲಿ ಎಷ್ಟು ಗೀರು ಬೇಕಾದರೂ ಹೆಚ್ಚಿನ ಶ್ರಮವಿಲ್ಲದೆ ಸಿಗುತ್ತವೆ, ಆದರೆ ಆ ದಿಕ್ಕಿಗೆ ಅಡ್ಡವಾಗಿ ಗೀರು ಬೇಕೆಂದರೆ ಮಣ್ಣು ಹಸಿಯಿರುವಾಗಲೇ ಇನ್ನೊಂದು ಸಾಧನದಿಂದ ಒತ್ತಬೇಕು. ಯಾವ ಬ್ಲಾಕನ್ನು ಯಾವ ಆಕಾರಕ್ಕೆ ಒಡೆಯಬಹುದು ಎಂಬ ನಿಮ್ಮ ಕೊನೆಯ ಪ್ರಶ್ನೆಯ ಬಹುಪಾಲು ಉತ್ತರ ಇಲ್ಲೇ ಇದೆ.

ಹೊರಮೈಯ ಗೀರು ಕಣ್ಣಿಗೆ ಕಾಣುವ ಭಾಗ ಮಾತ್ರ. 300 ಮಿ.ಮೀ. ದಪ್ಪದ ಬ್ಲಾಕಿನಲ್ಲಿ ಬಿರುಕು ಎರಡು ಹೊರಚಿಪ್ಪುಗಳನ್ನಷ್ಟೇ ಅಲ್ಲ, ಅವುಗಳ ನಡುವೆ ಗೋಡೆಯ ಉದ್ದಕ್ಕೆ ಸಾಗುವ ಎಲ್ಲ ತಡಿಕೆಗಳನ್ನೂ, ಅಂದರೆ ರಂಧ್ರಗಳನ್ನು ಬೇರ್ಪಡಿಸುವ ತೆಳುವಾದ ಒಳಗೋಡೆಗಳನ್ನೂ, ದಾಟಬೇಕು. ಬಲ್ಲವರು ಮಾಡಿದ ಅಚ್ಚಿನಲ್ಲಿ ನಡುಗೆರೆಯ ಎರಡೂ ಬದಿಗೆ ಒಂದೊಂದು ಅಡ್ಡ ತಡಿಕೆ ಇರುತ್ತದೆ, ಅವೆರಡರ ನಡುವೆ ಕಿರಿದಾದ ಸೀಳುರಂಧ್ರಗಳ ಸಾಲು ಇರುತ್ತದೆ, ಮತ್ತು ಆ ಸಾಲನ್ನು ಅಲ್ಲಲ್ಲಿ ತೆಳುವಾದ ಸೇತುವೆಗಳು ಮಾತ್ರ ದಾಟುತ್ತವೆ. ಬಿರುಕಿಗೆ ಮುರಿಯಲು ಉಳಿಯುವುದು ಆ ಸೇತುವೆಗಳು ಮತ್ತು ಗೀರಿನ ಕೆಳಗಿನ ಚಿಪ್ಪು ಅಷ್ಟೇ. ಒಡೆದ ಮೇಲೆ ಎರಡು ತುಂಡುಗಳಿಗೂ ಮುಚ್ಚಿದ ತುದಿ ಸಿಗುತ್ತದೆ. ಜೋಡಿ ತಡಿಕೆಯಿಲ್ಲದೆ ಹೊರಗೆ ಗೀರು ಮಾತ್ರ ಹಾಕಿದ ಬ್ಲಾಕನ್ನು ಒಡೆದರೆ ಬಾಚಣಿಗೆಯ ಹಲ್ಲುಗಳಂತೆ ಮುರಿದ ತಡಿಕೆಗಳು ಚಾಚಿಕೊಂಡಿರುತ್ತವೆ. ಅದನ್ನು ಒಡೆಯುವ ಬ್ಲಾಕು ಎಂದು ಕರೆಯುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ಇನ್ನು ಎರಡನೆಯ ಲೋಡಿನ ವಿಚಾರ. ಸುಟ್ಟ ಮಣ್ಣು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಚೂಪಾದ ಗೀರಿನ ತಳದಲ್ಲಿ ಎಳೆತ ಒಂದೆಡೆ ಕೂಡಿಕೊಳ್ಳುವುದರಿಂದ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಆದರೆ ಜೇಡಿಯಲ್ಲಿರುವ ಮರಳಿನ ಕಣಗಳು ಉಕ್ಕನ್ನು ಉಜ್ಜಿ ಸವೆಸುತ್ತವೆ. ಅಚ್ಚಿನ ಹಲ್ಲು ಸವೆದಂತೆ ಗೀರಿನ ಆಳ ತಗ್ಗುತ್ತದೆ, ತಳ ದುಂಡಗಾಗುತ್ತದೆ. ಬರಿಗಣ್ಣಿಗೆ ಗೀರು ಇದ್ದಂತೆಯೇ ಕಾಣುತ್ತದೆ, ಬಿರುಕಿಗೆ ಮಾತ್ರ ಅದು ದಾರಿಯಾಗಿ ಉಳಿದಿರುವುದಿಲ್ಲ. ಕೋರ್‌ಗಳು ಸವೆದರೂ ಸ್ವಲ್ಪ ಪಕ್ಕಕ್ಕೆ ಸರಿದರೂ ಸೇತುವೆಗಳು ದಪ್ಪವಾಗುತ್ತವೆ. ಎರಡೂ ಲೋಡುಗಳ ಒಂದೊಂದು ಬ್ಲಾಕು ತೆಗೆದುಕೊಂಡು ಗೀರಿನ ಆಳವನ್ನೂ ನಡುವಿನ ಸೇತುವೆಗಳ ದಪ್ಪವನ್ನೂ ಅಳೆದು ನೋಡಿ.

ಹಾಗಾದರೆ ಗೀರನ್ನು ಇನ್ನಷ್ಟು ಆಳ ಮಾಡಬಾರದೇ ಎಂದು ಕೇಳಬಹುದು. ಮಾಡಬಾರದು. ಹಸಿ ಬ್ಲಾಕು ಒಣಗುವಾಗ ಕುಗ್ಗುತ್ತದೆ, ಎಲ್ಲ ಕಡೆ ಒಂದೇ ವೇಗದಲ್ಲಿ ಕುಗ್ಗುವುದೂ ಇಲ್ಲ. ಆಗ ಹುಟ್ಟುವ ಎಳೆತ ಅತಿ ಆಳದ, ಅತಿ ಚೂಪಿನ ಗೀರನ್ನೇ ಹುಡುಕಿಕೊಂಡು ಹೋಗಿ ಬ್ಲಾಕನ್ನು ಭಟ್ಟಿಗೆ ಹೋಗುವ ಮೊದಲೇ ಸೀಳುತ್ತದೆ. ಒಣಗುವಾಗ ಮತ್ತು ಸಾಗಣೆಯಲ್ಲಿ ಒಡೆಯದಷ್ಟು ಗಟ್ಟಿಯಾಗಿರಬೇಕು, ಉಳಿಗೆ ಮಾತ್ರ ಒಡೆಯಬೇಕು. ಈ ಎರಡರ ನಡುವಿನ ಜಾಗ ಕಿರಿದು. ನಮ್ಮಲ್ಲಿ ಹೊಸ ಅಚ್ಚಿನ ಹಲ್ಲನ್ನು ತಿದ್ದುವುದರಲ್ಲಿ ಕಳೆದ ದಿನಗಳೇ ಹೆಚ್ಚು.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದರೂ ಗೋಡೆ ಕಟ್ಟುವವನಾಗಿ ಕೈಯ ಪಾತ್ರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬಹಳ ಮಂದಿ ಗೀರಿನ ನಡುವೆ ಉಳಿಯಿಟ್ಟು ಒಂದೇ ಬಲವಾದ ಏಟು ಹಾಕುತ್ತಾರೆ. ಒಳ್ಳೆಯ ಬ್ಲಾಕು ಆ ತಪ್ಪನ್ನು ಸಹಿಸಿಕೊಂಡು ನೇರವಾಗಿಯೇ ಒಡೆಯುತ್ತದೆ, ಆದ್ದರಿಂದ ಮೊದಲ ಲೋಡಿನಲ್ಲಿ ತಪ್ಪು ಗೊತ್ತಾಗಿರಲಿಕ್ಕಿಲ್ಲ. ಬ್ಲಾಕನ್ನು ಗಟ್ಟಿ ನೆಲದ ಮೇಲಿಡದೆ ಮರಳಿನ ಹಾಸಿನ ಮೇಲೆ ಮಲಗಿಸಿ, ಅಗಲ ಬಾಯಿಯ ಉಳಿಯನ್ನು ಗೀರಿನೊಳಗೆ ನೆಟ್ಟಗೆ ನಿಲ್ಲಿಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಗುರವಾಗಿ ತಟ್ಟುತ್ತಾ ಹೋಗಬೇಕು. ಅನಂತರ ಹೊರಳಿಸಿ ಇನ್ನೊಂದು ಮೈಯಲ್ಲಿಯೂ ಹಾಗೆಯೇ ಮಾಡಬೇಕು. ಇಡಿಯ ಬ್ಲಾಕು ತಟ್ಟಿದಾಗ ಕಂಚಿನಂತೆ ಕಣಕಣ ಎನ್ನುತ್ತದೆ. ಬಿರುಕು ಒಳಗೆ ಇಳಿದ ಕ್ಷಣ ಆ ದನಿ ಸತ್ತು ಬೋಳು ಸದ್ದಾಗುತ್ತದೆ. ಅಲ್ಲಿಗೆ ಬಲ ಹಾಕುವುದನ್ನು ನಿಲ್ಲಿಸಬೇಕು, ಇನ್ನೆರಡು ಮೃದುವಾದ ಏಟಿಗೆ ತುಂಡುಗಳು ತಾವಾಗಿ ಬಿಡುತ್ತವೆ. ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಯಾರೂ ಈ ಕೆಲಸಕ್ಕೆ ಕೂರಬಾರದು, ಏಕೆಂದರೆ ಸಿಡಿಯುವ ಚೂರು ಗಾಜಿನಷ್ಟೇ ಹರಿತ.

ಉತ್ತರ 3

ಭಾರ ಹೊರುವ ಬಗ್ಗೆ ಮತ್ತು ಮೂಲೆಯ ಬಗ್ಗೆ ನಾನು ಉತ್ತರಿಸುತ್ತೇನೆ. ಗೋಡೆಗಳ ಲೆಕ್ಕಾಚಾರ ನನ್ನ ಕೆಲಸ.

ಗೀರು ಭಾರದ ದಿಕ್ಕಿಗೆ ಸಮಾನಾಂತರವಾಗಿರುವುದರಿಂದ ಭಾರ ಹೊರುವ ಅಡ್ಡಕೊಯ್ತದ ವಿಸ್ತೀರ್ಣ ಹೆಚ್ಚೇನೂ ಕಡಿಮೆಯಾಗುವುದಿಲ್ಲ ಎಂದು ಸಾಮಾನ್ಯವಾಗಿ ಸಮಾಧಾನ ಹೇಳುತ್ತಾರೆ. ಅದು ಅರ್ಧ ಸತ್ಯ. ವರಸೆಗಳ (ಒಂದರ ಮೇಲೊಂದು ಬರುವ ಬ್ಲಾಕಿನ ಸಾಲುಗಳ) ನಡುವಿನ ಗಾರೆ ಭಾರಕ್ಕೆ ಸಿಕ್ಕಾಗ ಬದಿಗೆ ಹಿಗ್ಗಲು ನೋಡುತ್ತದೆ, ಅದಕ್ಕೆ ಅಂಟಿಕೊಂಡ ಬ್ಲಾಕನ್ನೂ ಬದಿಗೆ ಎಳೆಯುತ್ತದೆ. ಅತಿ ಭಾರಕ್ಕೆ ಸಿಕ್ಕ ಇಟ್ಟಿಗೆ ಗೋಡೆಯಲ್ಲಿ ನೆಟ್ಟನೆಯ ಸೀಳುಗಳು ಮೊದಲು ಕಾಣುವುದು ಈ ಕಾರಣದಿಂದಲೇ. ಆ ಎಳೆತ ನಿಮ್ಮ ಗೀರಿಗೆ ನೇರ ಅಡ್ಡವಾಗಿರುತ್ತದೆ. ಗಾರೆಯ ಪದರ ತೆಳುವಾದಷ್ಟೂ ಈ ತೊಂದರೆ ಕಡಿಮೆ. ಏನೇ ಇರಲಿ, ಗೀರಿಲ್ಲದ ಬ್ಲಾಕಿನ ಪರೀಕ್ಷಾ ಫಲಿತಾಂಶವನ್ನು ಗೀರಿರುವ ಬ್ಲಾಕಿಗೆ ಅನ್ವಯಿಸಿ ಕೊಟ್ಟಿದ್ದರೆ ಒಪ್ಪಬೇಡಿ. ಗೀರಿನ ಸಮೇತ ಪರೀಕ್ಷೆ ಮಾಡಿದ ಅಂಕಿಯನ್ನೇ ಕೇಳಿ ಪಡೆಯಿರಿ. ಅದು ಕೈಗೆ ಬಂದರೆ ಸಾಮಾನ್ಯ ಗೋಡೆಗೆ ಹೆದರುವ ಕಾರಣವಿಲ್ಲ.

ನನಗೆ ನಿಜವಾಗಿ ಆತಂಕ ತಂದದ್ದು ನಿಮ್ಮ ಮೂಲೆ. ಒಂದು ವರಸೆಯಲ್ಲಿ ಈ ಗೋಡೆ ಮೂಲೆಯವರೆಗೆ ಹೋಗುತ್ತದೆ, ಮುಂದಿನ ವರಸೆಯಲ್ಲಿ ಅಡ್ಡಗೋಡೆ ಮೂಲೆಯನ್ನು ಹಿಡಿಯುವುದರಿಂದ ಈ ಗೋಡೆ 300 ಮಿ.ಮೀ. ಹಿಂದಿನಿಂದ ಆರಂಭವಾಗುತ್ತದೆ. ಇಡಿಯ ಬ್ಲಾಕುಗಳನ್ನೇ ಇಟ್ಟರೆ ಮೊದಲ ವರಸೆಯ ಸಂದುಗಳು 250, 500ರಲ್ಲಿ, ಎರಡನೆಯದರ ಸಂದುಗಳು 300, 550ರಲ್ಲಿ ಬರುತ್ತವೆ. ಅಂದರೆ ಒಂದರ ಮೇಲೊಂದು ಬ್ಲಾಕು ಕಚ್ಚಿಕೊಂಡಿರುವುದು 50 ಮಿ.ಮೀ. ಮಾತ್ರ. ಇಟ್ಟಿಗೆ, ಬ್ಲಾಕು ಗೋಡೆಗಳ ವಿನ್ಯಾಸಕ್ಕೆ ಯುರೋಪಿನಲ್ಲಿರುವ ನಿಯಮಾವಳಿ ಯೂರೋಕೋಡ್ 6ರ ಪ್ರಕಾರ 250 ಮಿ.ಮೀ.ವರೆಗಿನ ಎತ್ತರದ ಬ್ಲಾಕುಗಳಿಗೆ ಹೀಗೆ ಕಚ್ಚಿಕೊಂಡಿರುವ ಅಳತೆ ಎತ್ತರದ 0.4 ಪಟ್ಟು ಅಥವಾ 40 ಮಿ.ಮೀ., ಇವೆರಡರಲ್ಲಿ ಹೆಚ್ಚಿನದಕ್ಕಿಂತ ಕಡಿಮೆಯಿರಬಾರದು. ನಿಮ್ಮ ಬ್ಲಾಕಿಗೆ ಅದು 100 ಮಿ.ಮೀ. ಆಗುತ್ತದೆ. ಸರಿ, ಮೂಲೆಗೆ ಅರ್ಧ ಬ್ಲಾಕು ಇಡೋಣ ಎಂದರೆ ಸಂದುಗಳು 125, 375ಕ್ಕೆ ಸರಿಯುತ್ತವೆ, 375 ಮತ್ತು 300ರ ನಡುವೆ 75 ಮಾತ್ರ ಉಳಿಯುತ್ತದೆ. ಅದೂ ಸಾಲದು. ಮೂಲೆಯಲ್ಲಿ 175 ಮಿ.ಮೀ. ತುಂಡಿಟ್ಟು ನೋಡಿ: ಸಂದುಗಳು 175, 425, ಮೇಲಿನ ವರಸೆಯ 300 ಅವೆರಡರ ಸರಿ ನಡುವೆ, ಎರಡೂ ಕಡೆಗೆ 125 ಬಿಟ್ಟು ಕೂರುತ್ತದೆ. 300 ಮಿ.ಮೀ. ಗೋಡೆಗೆ 175 ಮಿ.ಮೀ. ಮೂಲೆ ಬ್ಲಾಕು ಎಂದು ಪ್ರತ್ಯೇಕವಾಗಿ ಮಾಡುವುದು ಈ ಲೆಕ್ಕಕ್ಕಾಗಿಯೇ.

ಹೀಗಾಗಿ ನಿಮ್ಮ ನಡುಗೀರು ಮೂಲೆಗೆ ಉಪಯೋಗವಿಲ್ಲದ್ದು. ಕಿಟಕಿ ಬಾಗಿಲುಗಳ ಪಕ್ಕಕ್ಕೆ ಮಾತ್ರ ಅದು ಬಹಳ ಸೊಗಸಾಗಿ ಹೊಂದುತ್ತದೆ. ಒಡೆದ ಎರಡು ಅರ್ಧಗಳಲ್ಲಿ ಒಂದಕ್ಕೆ ಏಣಿನ ತುದಿ, ಇನ್ನೊಂದಕ್ಕೆ ಕಚ್ಚಿನ ತುದಿ ಉಳಿದಿರುತ್ತದೆ, ಎರಡಕ್ಕೂ ಇನ್ನೊಂದು ತುದಿ ಚಪ್ಪಟೆ. ಆ ಚಪ್ಪಟೆ ತುದಿಯನ್ನು ಕಿಟಕಿಯ ಕಡೆಗೆ ತಿರುಗಿಸಿದರೆ ಒಂದು ಅರ್ಧ ಎಡಪಕ್ಕಕ್ಕೆ, ಇನ್ನೊಂದು ಬಲಪಕ್ಕಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ಕಂಡಿಯ ಅಗಲ 250ರ ಗುಣಕವಾಗಿದ್ದರೆ ಒಂದು ವರಸೆ ಬಿಟ್ಟು ಒಂದು ವರಸೆಗೆ ಒಂದೇ ಬ್ಲಾಕು ಒಡೆದರೆ ಸಾಕು, ಚೂರೂ ವ್ಯರ್ಥವಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಅಳೆದು ನೋಡಿದೆ. ಮೊದಲ ಲೋಡಿನ ಬ್ಲಾಕಿನಲ್ಲಿ ಗೀರು ಸುಮಾರು 4 ಮಿ.ಮೀ. ಆಳವಿದ್ದು ತಳ ಚೂಪಾಗಿದೆ. ಎರಡನೆಯದರಲ್ಲಿ 2 ಮಿ.ಮೀ.ಗಿಂತ ಕಡಿಮೆ, ಉಗುರಿನಿಂದ ಸವರಿದರೆ ತಳ ದುಂಡಗಿರುವುದು ತಿಳಿಯುತ್ತದೆ. ಜೋಡಿ ತಡಿಕೆ ಎರಡರಲ್ಲಿಯೂ ಇದೆ. ಮರಳಿನ ಹಾಸಿನ ಮೇಲೆ ನಿಧಾನವಾಗಿ ತಟ್ಟಿದಾಗ ಎರಡನೆಯ ಲೋಡಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಬ್ಲಾಕುಗಳು ನೇರವಾಗಿ ಒಡೆದವು, ಆದರೆ ಮೊದಲ ಲೋಡಿನಂತೆ ಅಲ್ಲ. ಮೂಲೆಯ 175ರ ತುಂಡಿಗೆ ಗರಗಸವೇ ಗತಿಯೇ? ಲಿಂಟಲಿನ ದೋಣಿ ತುಂಡಿನ ವಿಚಾರವೂ ಉಳಿದಿದೆ.

ಉತ್ತರ 1ರವರಿಂದ ಮತ್ತೆ

ಆ ಅಳತೆ ಎಲ್ಲವನ್ನೂ ಹೇಳುತ್ತದೆ, ಹಲ್ಲು ಸವೆದಿದೆ. ತಯಾರಕರಿಗೆ ಎರಡು ಬ್ಲಾಕುಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿ, ವಾದ ಮಾಡುವ ಅಗತ್ಯ ಬರುವುದಿಲ್ಲ.

ಲಿಂಟಲಿನ ದೋಣಿ ತುಂಡು ಈ ಬ್ಲಾಕಿನಿಂದ ಸಿಗುವುದಿಲ್ಲ, ಪ್ರಯತ್ನಿಸಲೂ ಬೇಡಿ. ಕಬ್ಬಿಣ ಮತ್ತು ಕಾಂಕ್ರೀಟು ಕೂರಬೇಕಾದ ದೋಣಿಯ ಪೊಳ್ಳು ಗೋಡೆಯ ಉದ್ದಕ್ಕೆ ಮಲಗಿರಬೇಕು, ನಿಮ್ಮ ಬ್ಲಾಕಿನ ರಂಧ್ರಗಳು ನಿಂತಿವೆ. ಪಕ್ಕಕ್ಕೆ ಮಲಗಿಸಿದರೂ ಒಳಗೆ ಸಾಲು ಸಾಲು ತಡಿಕೆಗಳಿರುವುದರಿಂದ ಅವನ್ನೆಲ್ಲ ಒಡೆಯುವಷ್ಟರಲ್ಲಿ ಬ್ಲಾಕೇ ಉಳಿಯುವುದಿಲ್ಲ. ರಂಧ್ರ ಅಡ್ಡಲಾಗಿರುವ, ಒಂದೇ ದೊಡ್ಡ ಪೊಳ್ಳಿನ ಬ್ಲಾಕಾದರೆ ಮಾತು ಬೇರೆ. ಅಲ್ಲಿ ಮೇಲಿನ ಚಿಪ್ಪಿನ ಎರಡು ಅಂಚುಗಳಲ್ಲಿ, ಹೊರಮೈಯ ಮೇಲೆ, ಗೀರು ಎಳೆದಿರುತ್ತಾರೆ. ಚಿಪ್ಪಿನ ನಡುವೆ ಏಟು ಬಿದ್ದಾಗ ಅದು ಎರಡು ಬದಿಗೆ ಬಿಗಿದ ಹಲಗೆಯಂತೆ ಬಾಗುತ್ತದೆ, ಬಾಗುವಾಗ ಬದಿಗಳಲ್ಲಿ ಎಳೆತ ಬೀಳುವುದು ಮೇಲಿನ ಮೈಗೆ, ಗೀರು ಕಾದಿರುವುದೂ ಅಲ್ಲಿಯೇ. ಚಿಪ್ಪು ಕಳಚಿ ದೋಣಿ ಉಳಿಯುತ್ತದೆ.

ಇದೇ ಉಪಾಯದ ಹಳೆಯ ಬಳಕೆಗಳೂ ಇವೆ. 1871ರ ಷಿಕಾಗೋ ಬೆಂಕಿಯ ನಂತರ ಅಮೆರಿಕದಲ್ಲಿ ಉಕ್ಕಿನ ಚೌಕಟ್ಟನ್ನು ಬೆಂಕಿಯಿಂದ ಕಾಯಲು ಟೊಳ್ಳು ಮಣ್ಣಿನ ಬ್ಲಾಕುಗಳು ವ್ಯಾಪಕವಾದವು. ಮುಂದೆ ಆ ಕುಟುಂಬದಲ್ಲಿಯೇ ನಡುವೆ ಸೀಳಿದರೆ ಎರಡು ಹಲಗೆಗಳಾಗುವ ಬ್ಲಾಕುಗಳು ಬಂದವು. ಸೀಳಿದ ಮೈಯ ಏಣುಗಳನ್ನು ಹೊರಗೋಡೆಯ ಒಳಬದಿಗೆ ತಾಗಿಸಿ ನಿಲ್ಲಿಸಿದರೆ ಹಿಂದೆ ಗಾಳಿಯ ಸಂದು ಉಳಿದು ಗಿಲಾವಿಗೆ ತೇವ ತಗಲುತ್ತಿರಲಿಲ್ಲ. ಹೊರಮೈಗೆ ಹಚ್ಚುವ ಸೀಳು ಟೈಲುಗಳನ್ನು ಇಂದಿಗೂ ಬೆನ್ನಿಗೆ ಬೆನ್ನು ಕೂಡಿದ ಜೋಡಿಯಾಗಿ ಒತ್ತಿ ತೆಗೆದು, ಸುಟ್ಟ ಮೇಲೆ ಬೇರ್ಪಡಿಸುತ್ತಾರೆ. ಮುರಿದ ಏಣುಗಳಿಂದ ತರಿಯಾದ ಬೆನ್ನು ಗಾರೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಮುರಿದ ಮೈಯನ್ನೇ ಉಪಯೋಗಕ್ಕೆ ತಂದುಕೊಂಡ ಈ ಜಾಣತನ ನನಗೆ ಬಹಳ ಇಷ್ಟ.

ಮೂಲೆಯ ತುಂಡಿಗೆ ಸದ್ಯ ಗರಗಸವೇ ಸರಿ. ಒಂದು ತುದಿಯಿಂದ 75 ಮಿ.ಮೀ.ಗೆ ಎರಡನೆಯ ಗೀರನ್ನು ಅಚ್ಚಿನಲ್ಲಿಯೇ ಸೇರಿಸಬಹುದು, ಆದರೆ ಅಲ್ಲಿಯೂ ಜೋಡಿ ತಡಿಕೆ ಬೇಕಾಗುತ್ತದೆ. ಗೀರು ಹೆಚ್ಚಿದಂತೆಲ್ಲ ಒಣಗುವಾಗ ಕೆಡುವ ಬ್ಲಾಕುಗಳೂ ಹೆಚ್ಚುತ್ತವೆ. ಕೆಲವೇ ಮೂಲೆಗಳಿಗಾಗಿ ಪ್ರತಿಯೊಂದು ಬ್ಲಾಕನ್ನೂ ದುರ್ಬಲಗೊಳಿಸುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ 2ರವರಿಂದ ಮತ್ತೆ

ಗರಗಸ ಹಿಡಿಯುವುದಾದರೆ ನೀರು ಹಾಯಿಸಿಯೇ ಕೊಯ್ಯಿಸಿ. ಒಣದಾಗಿ ಕೊಯ್ದರೆ ಏಳುವ ಸಣ್ಣ ದೂಳಿನಲ್ಲಿ ಸಿಲಿಕಾ ಇರುತ್ತದೆ; ವರ್ಷಗಟ್ಟಲೆ ಅದನ್ನು ಉಸಿರಾಡಿದವರ ಶ್ವಾಸಕೋಶ ಸಿಲಿಕೋಸಿಸ್‌ನಿಂದ ಗಟ್ಟಿಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಉಳಿಯಿಂದ ಒಡೆಯುವ ಪದ್ಧತಿಯನ್ನು ನಾನು ಇಷ್ಟಪಡಲು ದೊಡ್ಡ ಕಾರಣ ಇದೇ. ಕೊಯ್ದ ತುಂಡುಗಳು ನೀರು ಹೀರಿರುತ್ತವೆ, ಆದ್ದರಿಂದ ಅವನ್ನು ಆರಲು ಬಿಟ್ಟು ಆಮೇಲೆ ಗೋಡೆಗೆ ಏರಿಸಿ.

ಪ್ರಶ್ನೆ ಕೇಳಿದವರಿಂದ

ನಕ್ಷೆಯನ್ನು ತಿದ್ದಿದ್ದೇನೆ. ಕಿಟಕಿಗಳ ಅಗಲವನ್ನು 250ರ ಗುಣಕಕ್ಕೆ ತಂದು ಪಕ್ಕಗಳಿಗೆ ಒಡೆದ ಅರ್ಧಗಳನ್ನು, ಮೂಲೆಗಳಿಗೆ ನೀರು ಹಾಯಿಸಿ ಕೊಯ್ದ 175ರ ತುಂಡುಗಳನ್ನು, ಲಿಂಟಲಿಗೆ ಬೇರೆಯದೇ ದೋಣಿ ಬ್ಲಾಕನ್ನು ಗುರುತಿಸಿದ್ದೇನೆ. ಎರಡನೆಯ ಲೋಡಿನ ಬ್ಲಾಕುಗಳನ್ನು ಒಡೆಯುವ ಅಗತ್ಯವಿಲ್ಲದ ನೇರ ಗೋಡೆಗಳಿಗೆ ಮೀಸಲಿಟ್ಟೆವು. ಗೀರಿನ ಸಮೇತ ಮಾಡಿದ ಪರೀಕ್ಷೆಯ ಫಲಿತಾಂಶವನ್ನು ತಯಾರಕರಲ್ಲಿ ಕೇಳಿದ್ದೇನೆ. ಅದು ಬಂದ ಮೇಲೆಯೇ ಕೆಳಗಿನ ಅಂತಸ್ತಿನ ವರಸೆ ಆರಂಭಿಸುತ್ತೇವೆ.