4ಯು ಬ್ಯಾಡ್ಮಿಂಟನ್ ರಾಕೆಟ್ 93 ಗ್ರಾಂ ತೂಗ್ತಿದೆ, ನಕಲಿಯಾ?

ಮಲ್ಲೇಶ್ವರ_ಸ್ಮ್ಯಾಶ್: ಯೋನೆಕ್ಸ್ ಆಸ್ಟ್ರಾಕ್ಸ್ 88ಡಿ ಪ್ರೊ, ತೂಕದ ದರ್ಜೆ 4ಯು. ತಕ್ಕಡಿಲಿ 93 ಗ್ರಾಂ! ಕೋನ್ (ಹಿಡಿಕೆಯ ಮೇಲ್ತುದಿಯ ಮುಚ್ಚಳ) ಮೇಲಿನ ನಂಬರಿನ ಕೊನೆಗೆ ಸಿಎಚ್ ಅಂತಿದೆ. ಮಾರಿದವರು ಫೋನ್ ಎತ್ತುತ್ತಿಲ್ಲ. ದುಡ್ಡು ಹೋಯ್ತಾ?

ಡ್ರಾಪ್‌ಶಾಟ್: 4ಯು ಅಂದ್ರೆ 80ರಿಂದ 84.9 ಗ್ರಾಂ. 93 ಅಂದ್ರೆ 2ಯು, ಇನ್ನೂ ಭಾರದ ದರ್ಜೆ. ನಕಲಿನೇ, ಅನುಮಾನ ಬೇಡ.

ಜಯನಗರ_ಸ್ಟ್ರಿಂಗರ್: ತಡೀರಿ. 4ಯು ಅನ್ನೋದು ಬರೀ ರಾಕೆಟ್ಟಿನ ತೂಕ. ಸ್ಟ್ರಿಂಗ್ 4 ಗ್ರಾಂ, ಓವರ್‌ಗ್ರಿಪ್ (ಹಿಡಿಕೆ ಮೇಲೆ ಸುತ್ತೋ ಪಟ್ಟಿ) 5 ಗ್ರಾಂ ಆಸುಪಾಸು. ಸರಾಸರಿ 83ಕ್ಕೆ ಸೇರಿಸಿದ್ರೆ 92. ಎರಡೂ ಇದ್ದಾಗ ತೂಗಿದ್ರಾ?

ಡ್ರಾಪ್‌ಶಾಟ್: ಸರಿ, ಸಿಎಚ್‌ಗೆ ಏನಂತೀರಿ? ಈ ಮಾಡೆಲ್ ಮಾಡೋದು ಜಪಾನಲ್ಲಿ.

ಬ್ಯಾಕ್‌ಹ್ಯಾಂಡ್_ಬಸವನಗುಡಿ: ಆ ಅಕ್ಷರ ಯಾವ ದೇಶದಲ್ಲಿ ಮಾರೋಕೆ ಅಂತ ಹೇಳುತ್ತೆ, ಎಲ್ಲಿ ಮಾಡಿದ್ದು ಅಂತಲ್ಲ. ಸಿಎಚ್ ಚೀನಾ ಮಾರುಕಟ್ಟೆ, ಇಲ್ಲಿಯದಕ್ಕೆ ಐಎನ್. ಹೊರಗಿಂದ ತಂದಿರೋ ಅಸಲಿ ರಾಕೆಟ್ಟೂ ಆಗಿರಬಹುದು, ಇಲ್ಲಿ ವಾರಂಟಿ ಸಿಗೋದು ಮಾತ್ರ ಕಷ್ಟ. ತಯಾರಾದ ದೇಶ ಬೇರೆ ಕಡೆ ಅಚ್ಚಾಗಿರುತ್ತೆ, ನೋಡಿ.

ಡ್ರಾಪ್‌ಶಾಟ್: ನಂಬರ್ ಸರಿ ಇದ್ರೆ ಅಸಲಿ ಅಂತೀರಾ ಹಾಗಾದ್ರೆ?

ಜಯನಗರ_ಸ್ಟ್ರಿಂಗರ್: ಇಲ್ಲ. ನಕಲಿ ಮಾಡೋರು ಒಂದು ಅಸಲಿ ನಂಬರನ್ನೇ ರಾಶಿ ರಾಕೆಟ್‌ಗೆ ಹಾಕ್ತಾರೆ. ಹಾಲೋಗ್ರಾಮೂ ಅಂಟಿಸ್ತಾರೆ. ಕೋನ್ ಮೇಲಿನ ನಂಬರ್ ಕೆತ್ತಿದ ಹಾಗಿರಬೇಕು, ಪ್ರಿಂಟ್ ಆಗಿದ್ರೆ ಅನುಮಾನ ಪಡಿ. ಶಾಫ್ಟ್ (ಹಿಡಿಕೆಗೂ ಫ್ರೇಮಿಗೂ ನಡುವಿನ ಕಡ್ಡಿ) ಫ್ರೇಮಿಗೆ ಸೇರೋ ಜಾಗದಲ್ಲಿ ಬಣ್ಣ ಉಬ್ಬಿದ್ಯಾ? ಅಕ್ಷರಗಳ ಅಂಚು ಹರಡಿದ್ಯಾ? 88ಡಿ ಪ್ರೊ ಶಾಫ್ಟ್ ಗಟ್ಟಿ, ಕೈಯಲ್ಲಿ ಸಲೀಸಾಗಿ ಬಾಗಿದ್ರೆ ಅದು ಬೇರೆ ಏನೋ. ಅದೇ ಮಾಡೆಲ್, ಅದೇ ಬಣ್ಣದ ಅಸಲಿ ಪಕ್ಕಕ್ಕಿಟ್ಟು ನೋಡೋದೇ ನಂಬಿಕೆಯ ದಾರಿ.

ಮಲ್ಲೇಶ್ವರ_ಸ್ಮ್ಯಾಶ್: ಹೌದು, ಓವರ್‌ಗ್ರಿಪ್ ಇತ್ತು. ಸ್ಟ್ರಿಂಗ್ ಹಾಕಿಕೊಂಡೇ ಬಂತು, ಅದರ ಮೇಲೆ ಹೆಸರಿಲ್ಲ.

ಬ್ಯಾಕ್‌ಹ್ಯಾಂಡ್_ಬಸವನಗುಡಿ: ಇದನ್ನ ಮೊದಲೇ ಹೇಳಬೇಕಿತ್ತು! ಈ ದರ್ಜೆಯವು ಸಾಮಾನ್ಯವಾಗಿ ಸ್ಟ್ರಿಂಗ್ ಇಲ್ಲದೇ ಬರ್ತವೆ. ಹೆಸರಿಲ್ಲದ ಸ್ಟ್ರಿಂಗ್ ಒಳ್ಳೇ ಲಕ್ಷಣ ಅಲ್ಲ.

ನೆಟ್‌ಕಿಲ್: ನನ್ನ 4ಯುಗೆ ಬಿಜಿ80 ಸ್ಟ್ರಿಂಗ್, 30 ಪೌಂಡ್ ಬಿಗಿತ. ಅಸಲಿ ಆದ್ರೆ ತಡೆಯುತ್ತೆ, ಹಾಕಿಸಿ ನೋಡಿ.

ಜಯನಗರ_ಸ್ಟ್ರಿಂಗರ್: ದಯವಿಟ್ಟು ಈ ಸಲಹೆ ಕೊಡಬೇಡಿ. 88ಡಿ ಪ್ರೊ 4ಯುಗೆ ಕಂಪನಿ ಹೇಳೋದು 20ರಿಂದ 28 ಪೌಂಡ್. ಅಸಲಿ ಫ್ರೇಮೂ ಒಡೆದ್ರೆ ಅದರಿಂದ ಏನು ಗೊತ್ತಾದಂಗಾಯ್ತು?

ನೆಟ್‌ಕಿಲ್: ಕೆಬಿಎ (ಕರ್ನಾಟಕ ಬ್ಯಾಡ್ಮಿಂಟನ್ ಸಂಸ್ಥೆ) ಕೋರ್ಟಲ್ಲಿ ಎಲ್ಲರೂ 28ರ ಮೇಲೇ ಆಡೋದು.

ಜಯನಗರ_ಸ್ಟ್ರಿಂಗರ್: ಅದಕ್ಕೆ ಬೇರೆ ಥ್ರೆಡ್ ತೆರೀರಿ. ಮಲ್ಲೇಶ್ವರದವರೇ, ಸ್ಟ್ರಿಂಗನ್ನ ನಡುವಿಂದ ಶುರುಮಾಡಿ, ಉದ್ದ ಅಡ್ಡ ಎರಡನ್ನೂ ಒಟ್ಟಿಗೆ ಹೊರಕ್ಕೆ ಕತ್ತರಿಸ್ತಾ ಹೋಗಿ. ಒಂದೇ ಕಡೆಯಿಂದ ಬಿಚ್ಚಿದ್ರೆ ಫ್ರೇಮ್ ಸೊಟ್ಟಗಾಗುತ್ತೆ. ಓವರ್‌ಗ್ರಿಪ್ ತೆಗೆದು ಮತ್ತೆ ತೂಗಿ. ಕೋನ್, ಶಾಫ್ಟ್ ಸೇರೋ ಜಾಗ, ಗ್ರೋಮೆಟ್ (ಸ್ಟ್ರಿಂಗ್ ತೂರೋ ರಂಧ್ರದ ಪ್ಲಾಸ್ಟಿಕ್ ಕೊಳವೆ), ಮೂರರ ಫೋಟೋನೂ ಹಗಲು ಬೆಳಕಲ್ಲಿ ತೆಗೆದು ಹಾಕಿ.